ಸಮ ಇದ್ದರೆ

"ಕರೆಂಟು ಓದ್ರೆ ಓಗ್ಲಿ ಬುಡಿ ಮಿಸ್, ಇವತ್ತು ನಮ್ ಮಕ್ಳೇ ಕಂಪ್ಯೂಟ್ರು," ಎನ್ನುತ್ತ ಪಿ.ಟಿ. ಮೇಷ್ಟ್ರು ಚಿಕ್ಕಸ್ವಾಮಿ ಕೋಲಾಟದ ಕೋಲುಗಳನ್ನು ಹೊಂಗೆ ಮರದಡಿ ಸುರಿದರು. ಹೊಸಹೊಳಲಿನ ಆ ಶಾಲೆಗೆ ಕರೆಂಟು ನೆಂಟರ ಹಾಗೆ, ಬಂದಾಗ ಬಂತು. ಹಾಗಂತ ಪಾಠ ನಿಲ್ಲಿಸುವ ಪೈಕಿಯಲ್ಲ ಕಂಪ್ಯೂಟರ್ ಕಲಿಸುವ ರಂಜಿತ ಮಿಸ್. ಕಲಸಿಹೋದ ಸಾಲನ್ನು ಕ್ರಮವಾಗಿ ಜೋಡಿಸುವ ಪಾಠಕ್ಕೆ ಕನ್ನಡದ ಪೀರಿಯಡ್ಡನ್ನೂ ಮೇಷ್ಟ್ರ ಕೋಲಾಟವನ್ನೂ ಸೇರಿಸಿಕೊಂಡಿದ್ದರು.

ಬೆಳಿಗ್ಗೆ ಏಳನೇ ಕ್ಲಾಸಿನವರೆಲ್ಲ ಒಟ್ಟಿಗೆ ಕೂತು ನಿಯಮ ಮಾಡಿದ್ದರು. ಅಕ್ಷರ ದುಂಡಗಿದೆಯೆಂದು ಯಶಸ್ವಿನಿ ಅದನ್ನು ಮರಕ್ಕೆ ಒರಗಿಸಿದ್ದ ಬೋರ್ಡಿನ ಮೇಲೆ ಬರೆದಿದ್ದಳು. ಎದುರುಬದುರಾದ ಇಬ್ಬರು ಕೋಲು ತಾಕಿಸಿ ಹುಟ್ಟಿದ ದಿನ ಹೇಳಬೇಕು. ಎಡಗಡೆಯವರು ದೊಡ್ಡವರಾದರೆ ಇದ್ದಲ್ಲೇ ಇರಬೇಕು. ಇಲ್ಲದಿದ್ದರೆ ಇಬ್ಬರೂ ಜಾಗ ಬದಲಿಸಬೇಕು. ಒಬ್ಬರೂ ಬದಲಿಸದಿದ್ದಾಗ ಮಾತ್ರ ಆಟ ನಿಲ್ಲಬೇಕು.

"ಒಂದೇ ದಿನ ಉಟ್ಟಿದ್ರೆ?" ಎಂದು ಸಂತೋಷ್ ಕೇಳಿದ್ದ. ಇಡೀ ಕ್ಲಾಸು ಯಶಸ್ವಿನಿಯನ್ನೂ ಧನುಶ್ರೀಯನ್ನೂ ನೋಡಿತ್ತು. 'ಸಮ ಇದ್ದರೆ ಕದಲಬಾರದು' ಎಂದು ಯಶಸ್ವಿನಿ ಕೊನೆಯ ಸಾಲು ಬರೆದಳು. ಬರೆಯುವಾಗ ಅವಳ ಮುಖ ಸಪ್ಪಗಾಯಿತು.

ಅಣ್ಣನ ಮಗಳು ಯಶಸ್ವಿನಿ, ತಮ್ಮನ ಮಗಳು ಧನುಶ್ರೀ. ಒಂದೇ ದಿನ ಹುಟ್ಟಿ ಒಂದೇ ತೊಟ್ಟಿಲಲ್ಲಿ ಮಲಗಿದವರು. ಮರಗೆಲಸದ ಆ ಮನೆಯ ಅಂಗಳದ ನಡುವೆ ಯುಗಾದಿ ಕಳೆದ ಮೇಲೆ ಗೋಡೆ ಎದ್ದಿತ್ತು. ಎಂಥ ಘನಂದಾರಿ ಜಗಳವೆಂದರೆ, ತಾತನ ಉಳಿ ಪೆಟ್ಟಿಗೆ ಯಾರಿಗೆ ಸೇರಬೇಕು ಎಂಬುದು. "ಆ ಕಡೆಯೋರ ತಾವ ಮಾತಾಡುದ್ರೆ ನಮ್ಮನೆ ಒಸ್ಲು ತುಳೀಬ್ಯಾಡ," ಎಂದಿದ್ದ ಯಶಸ್ವಿನಿಯ ಅಪ್ಪ. ಅಪ್ಪನ ಮಾತು ಹೋಗಲಿ, ಧನು ಶಾಲೆಯಲ್ಲೂ ಮುಖ ತಿರುಗಿಸಿಕೊಂಡೇ ಓಡಾಡುತ್ತಿದ್ದಳು. ಅವಳಿಗೆ ನಾನೇ ಬೇಡವಾದೆನಾ ಎಂಬ ಸಂಕಟದಲ್ಲಿ ಯಶಸ್ವಿನಿಗೆ ಅನ್ನ ಸೇರುತ್ತಿರಲಿಲ್ಲ.

ಬಿಸಿಯೂಟ ಮುಗಿಸಿ ಬಂದು ಎಲ್ಲರೂ ಸಾಲಾಗಿ ನಿಂತರು. "ಬೋರ್ಡಲ್ಲಿ ಇರೋದನ್ನ ಮಾತ್ರ ಮಾಡ್ಬೇಕು. ಕಂಪ್ಯೂಟರ್ ತಾನಾಗಿ ಯೋಚ್ನೆ ಮಾಡಲ್ಲ," ಎಂದರು ರಂಜಿತ ಮಿಸ್. ಮೇಷ್ಟ್ರು ತಮಟೆ ಬಾರಿಸಿದರು. ಒಂದು ಪೆಟ್ಟಿಗೆ ಬಲಗಡೆಯವರ ಜೊತೆ, ಇನ್ನೊಂದು ಪೆಟ್ಟಿಗೆ ಎಡಗಡೆಯವರ ಜೊತೆ. ಊಟದ ಮಂಪರು, ಮರದ ನೆರಳು, ಕೋಲಿನ ಸದ್ದು. ಯಾರೂ ತಳ್ಳದೆ ತಾವೇ ತೇಲಿದ ಹಾಗೆ ಮಕ್ಕಳು ಜಾಗ ಬದಲಿಸುತ್ತ ಹೋದರು. ತಮಟೆ ಎಲ್ಲೋ ದೂರದ ಊರಲ್ಲಿ ಕೇಳಿಸುತ್ತಿರುವಂತಿತ್ತು.

ನೋಡನೋಡುತ್ತ ಸಾಲು ಸರಿಹೋಯಿತು. ನಡುವೆ ಯಶಸ್ವಿನಿ ಮತ್ತು ಧನು ಎದುರುಬದುರಾದರು.

"ಜನವರಿ ಅನ್ನೊಂದು," ಎಂದಳು ಯಶಸ್ವಿನಿ.

"ಜನವರಿ ಅನ್ನೊಂದು." ಧನು ನೆಲ ನೋಡುತ್ತಿದ್ದಳು. ಇಷ್ಟು ತಿಂಗಳ ಮೇಲೆ ಕೇಳಿದ ದನಿ.

ಇನ್ನು ಕದಲದೆ ನಿಲ್ಲಬೇಕು, ಆಟ ಮುಗಿಯಿತು ಎಂದುಕೊಂಡು ಯಶಸ್ವಿನಿ ಬೋರ್ಡಿನತ್ತ ನೋಡಿದಳು. ಕೊನೆಯ ಸಾಲು ಇರಲಿಲ್ಲ. ಆ ಜಾಗದಲ್ಲಿ ಕೈಯಿಂದ ಒರೆಸಿದ ಬಿಳಿ ಮಸಕು. ಅಷ್ಟರಲ್ಲಿ ಧನು ಅವಳನ್ನು ದಾಟಿ ಎಡಕ್ಕೆ ಬಂದಿದ್ದಳು. ಎಡಗಡೆಯವರು ದೊಡ್ಡವರಲ್ಲ, ಹಾಗಾದರೆ ಬದಲಿಸಬೇಕು. ಮತ್ತೆ ಎದುರಾದರು, ಮತ್ತೆ ದಿನ ಹೇಳಿದರು, ಮತ್ತೆ ಬದಲಿಸಿದರು. ಉಳಿದವರೆಲ್ಲ ಇದ್ದಲ್ಲೇ ನಿಂತು ಕೋಲು ತಾಕಿಸುತ್ತಿದ್ದರು. ಇವರಿಬ್ಬರು ಮಾತ್ರ ಸುತ್ತುತ್ತಲೇ ಇದ್ದರು.

"ಇದೇನ್ ಮಿಸ್, ಇವೆರಡು ನಿಲ್ಲಂಗೇ ಕಾಣಕಿಲ್ವಲ್ಲ?" ಎಂದರು ಮೇಷ್ಟ್ರು.

"ಮಿಸ್, ಕಡೇ ಸಾಲು ಅಳ್ಸೋಗದೆ," ಎಂದ ಸಂತೋಷ್. "ಅದ್ನ ಬರುದ್ರೆ ನಿಂತ್ಕತದೆ. ಬರೀಲಾ?"

ರಂಜಿತ ಮಿಸ್ ಸೀಮೆಸುಣ್ಣ ಕೈಗೆತ್ತಿಕೊಂಡರು. ಆ ಇಬ್ಬರನ್ನು ಸ್ವಲ್ಪ ಹೊತ್ತು ನೋಡಿದರು. "ನಾಳೆ ಬರ್ಕೊಳ್ಳೋಣ ಕಣೋ," ಎಂದು ಅದನ್ನು ಡಬ್ಬಿಗೆ ಹಾಕಿದರು. "ನೀವು ಬಾರಿಸಿ ಮೇಷ್ಟ್ರೇ."

ಕೋಲು ಎತ್ತಿ ಯಶಸ್ವಿನಿ ಮತ್ತೆ ಎದುರಾದಳು. ಧನುವಿನ ಬೆರಳು, ಅಂಗೈ, ಕಪ್ಪನೆಯ ಕೋಲಿನ ಹಿಡಿ ಎಲ್ಲ ಸೀಮೆಸುಣ್ಣದ ಬಿಳಿ. ಯಶಸ್ವಿನಿಯ ಕಣ್ಣು ತುಂಬಿ ಬಂತು.

"ದಿನ ಏಳೇ," ಎಂದಳು ಧನು, ಈಗ ಅವಳನ್ನೇ ನೋಡುತ್ತ.

"ಜನವರಿ ಅನ್ನೊಂದು," ಎಂದಳು ಯಶಸ್ವಿನಿ. ಇಬ್ಬರೂ ಜಾಗ ಬದಲಿಸಿದರು.