ಎಡ ತಿರುವಿನ ಎಣ್ಣೆ

ಆ ಕಾರನ್ನು ಕಂಡರೆ ಕಿಡಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಕಿಡಿ ಎನ್ನುವುದು ಗ್ಯಾರೇಜಿನವರು ಇಟ್ಟ ಹೆಸರು. ಬೆಸುಗೆ ಹಾಕುತ್ತಾನೆ ಎಂದು ಅರ್ಧ, ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇನ್ನರ್ಧ. ಕಾರೋ ಅವನ ಅಪ್ಪನಿಗಿಂತ ಹಳೆಯದು. ಇಬ್ಬರೇ ಕೂರುವ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡೇ ಓಡುವ ಸ್ಪೋರ್ಟ್ಸ್ ಕಾರು. ಅದರ ಮೇಲೆ ಒಂದು ಚುಕ್ಕೆ ಧೂಳು ಕೂತರೂ ಕಾರಿನ ಯಜಮಾನನಿಗೆ ಉಸಿರು ಕಟ್ಟುತ್ತಿತ್ತು. ರೇಸಿನಲ್ಲಿ ಓಡಿಸುವ ಕೆಲಸ ಮಾತ್ರ ಕಿಡಿಯ ಭಾವನದು. ಅಕ್ಕನನ್ನು ಕಟ್ಟಿಕೊಂಡ ಹನ್ನೊಂದು ವರ್ಷದಲ್ಲಿ ಒಂಬತ್ತು ವರ್ಷ ಭಾವ ಯಜಮಾನನ ಕಾರುಗಳನ್ನೇ ಓಡಿಸಿದ್ದ. ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ.

ಕಾರಿಗೊಂದು ಹುಟ್ಟು ಕಾಯಿಲೆ ಇತ್ತು. ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಗಡಿನ ತೊಟ್ಟಿ ಇರುತ್ತದಲ್ಲ, ಗ್ಯಾರೇಜಿನವರು ಚೇಂಬರ್ ಎನ್ನುವುದು, ಅದು ಈ ಕಾರಿನಲ್ಲಿ ಅಗಲವಾಗಿ, ಆಳವಿಲ್ಲದೆ, ಬೋಳು ತಟ್ಟೆಯ ಹಾಗಿತ್ತು. ಎಣ್ಣೆ ಹೀರುವ ಕೊಳವೆ ಎಡಗಡೆ. ವೇಗವಾಗಿ ಎಡಕ್ಕೆ ತಿರುಗಿದರೆ ಎಣ್ಣೆಯೆಲ್ಲ ಬಲಗೋಡೆಗೆ ಹತ್ತಿ ಕೂರುತ್ತಿತ್ತು. ಕೊಳವೆಯ ಬಾಯಿಗೆ ಸಿಗುವುದು ಬರೀ ಗಾಳಿ. ಮೂರು ಸೆಕೆಂಡು ಹಾಗಾದರೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತದೆ. ಒಂದು ಸಲ ತಡೆದರೂ ಮುಂದಿನ ಸಲ ಇಂಜಿನ್ನು ಕಚ್ಚಿಕೊಳ್ಳುತ್ತದೆ, ಓಡುತ್ತಿದ್ದ ಹಿಂದಿನ ಚಕ್ರಗಳು ಬಿಗಿದು ನಿಲ್ಲುತ್ತವೆ. ಊರಾಚೆಯ ಆ ರೇಸ್ ಟ್ರ್ಯಾಕಿನಲ್ಲಿ ಐದು ಸೆಕೆಂಡಿನ ಎಡ ತಿರುವೊಂದಿತ್ತು.

ಕಿಡಿ ಇದನ್ನು ಭಾವನಿಗೆ ತಿಳಿಸಿಕೊಟ್ಟದ್ದು ಅಕ್ಕನ ಅಡುಗೆಮನೆಯಲ್ಲಿ. ಟ್ರೇಗೆ ಟೀ ಸುರಿದು, ಒಂದು ಮೂಲೆಗೆ ಸ್ಟ್ರಾ ಇಟ್ಟು, ಹೀರು ಎಂದು ಹೇಳಿ ಟ್ರೇಯನ್ನು ಗಿರ್ರನೆ ತಿರುಗಿಸಿದ. ಭಾವನ ಬಾಯಿಗೆ ಸೊರಸೊರ ಗಾಳಿ ಬಂತು, ಟೀ ಅಕ್ಕನ ಸೀರೆಗೆ ಬಿತ್ತು. ಇವರಿಬ್ಬರನ್ನೂ ಒಂದೇ ಸಲ ಒಗೆದು ಒಣಗಹಾಕಬೇಕು ಎಂದು ಅಕ್ಕ ಬೈದಳು. ಭಾವ ನಕ್ಕ, ಆದರೆ ಅವನ ಕಣ್ಣು ಟ್ರೇ ಬಿಟ್ಟು ಕದಲಲಿಲ್ಲ.

ಆಮೇಲೆ ಕಿಡಿ ಆರು ವಾರ ಕೂತು ಹೊಸ ಚೇಂಬರ್ ಮಾಡಿದ. ಒಳಗೆ ತಗಡಿನ ಅಡ್ಡಗೋಡೆಗಳು, ಗೋಡೆಗೊಂದು ಪುಟ್ಟ ಬಾಗಿಲು. ಬಾಗಿಲು ಕೊಳವೆಯ ಕಡೆಗಷ್ಟೇ ತೆರೆಯುತ್ತದೆ, ಒಳಗೆ ಬಂದ ಎಣ್ಣೆ ವಾಪಸು ಓಡಲಾರದು. ಅದನ್ನು ಹಾಕಿ ಓಡಿಸಿದ ದಿನ, ಅಷ್ಟು ಉದ್ದದ ತಿರುವಿನಲ್ಲೂ ಎಣ್ಣೆ ಒತ್ತಡದ ಸೂಜಿ ಅಲುಗಲಿಲ್ಲ. ಮೂವತ್ತು ವರ್ಷದ ಅನುಭವವಿದ್ದ ಗ್ಯಾರೇಜಿನ ಮೇಸ್ತ್ರಿ ಚೇಂಬರಿನ ಹೊಟ್ಟೆ ಸವರಿ ನೋಡಿ, ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಇಷ್ಟು ಸಾಕು ಎಂದ. ಅವನ ಬಾಯಿಂದ ಹೊಗಳಿಕೆ ಎಂದರೆ ಅಷ್ಟೇ.

ರೇಸಿನ ದಿನ ಬೆಳಿಗ್ಗೆ ಅದೇ ಟ್ರ್ಯಾಕಿನ ಅಂಗಳದಲ್ಲಿ ಹಳೆಯ ಕಾರುಗಳ ಪ್ರದರ್ಶನ. ಕೋಲಿಗೆ ಕನ್ನಡಿ ಕಟ್ಟಿಕೊಂಡ ತೀರ್ಪುಗಾರರು ಕಾರಿನ ಹೊಟ್ಟೆಯಡಿಯೆಲ್ಲ ಇಣುಕುತ್ತಾರೆ. ಕಾರ್ಖಾನೆಯಿಂದ ಬಂದಾಗ ಇದ್ದದ್ದೇ ಇರಬೇಕು, ಒಂದು ಬೋಲ್ಟು ಬದಲಾದರೂ ಅಂಕ ಹೋಯಿತು. ಅದಕ್ಕೇ ಯಜಮಾನ ಹಿಂದಿನ ದಿನ ಹಳೆಯ ಚೇಂಬರನ್ನೇ ಹಾಕಿಸಿದ್ದ. ಪ್ರದರ್ಶನ ಮುಗಿದ ಮೇಲೆ ಊಟದ ಹೊತ್ತಿನಲ್ಲಿ ಹೊಸದು ಹಾಕುವುದು, ಆಮೇಲೆ ರೇಸು ಎಂದು ಮಾತಾಗಿತ್ತು. ಮುಕ್ಕಾಲು ಗಂಟೆಯ ಕೆಲಸ.

ಪ್ರದರ್ಶನದಲ್ಲಿ ಕಾರಿಗೆ ಮೊದಲ ಸ್ಥಾನ ಬಂತು. ಅಷ್ಟರಲ್ಲಿ ಮೋಡ ಕಟ್ಟಿತೆಂದು, ಮಳೆಗೆ ಮೊದಲೇ ಮುಗಿಸಲು ರೇಸನ್ನು ಹೊತ್ತಿಗೆ ಮುಂಚೆಯೇ ಇಟ್ಟುಕೊಂಡರು. ಕೈಯಲ್ಲಿ ಉಳಿದದ್ದು ಇಪ್ಪತ್ತು ನಿಮಿಷ.

ಕಿಡಿ ಹೊಸ ಚೇಂಬರನ್ನು ಎದೆಗೆ ಅವಚಿಕೊಂಡು ಓಡಿ ಬಂದಾಗ ಮೇಸ್ತ್ರಿ ಆಗಲೇ ಇಂಜಿನ್ನಿಗೆ ಒಂದು ಲೀಟರ್ ಎಣ್ಣೆ ಹೆಚ್ಚಿಗೆ ಸುರಿಯುತ್ತಿದ್ದ. ತುಂಬಾ ಇದ್ದರೆ ಬತ್ತುವುದಿಲ್ಲ ಎನ್ನುವುದು ಅವನ ವಾದ. ತುಂಬಾ ಇದ್ದರೆ ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕಿನ ದಂಡ ಅದನ್ನು ಬಡಿದು ಸೋಪಿನ ನೊರೆ ಮಾಡುತ್ತದೆ, ಕೊಳವೆಗೆ ಇನ್ನಷ್ಟು ಗಾಳಿ ಹೋಗುತ್ತದೆ ಎಂದು ಕಿಡಿ ಗಂಟಲು ಹರಿದುಕೊಂಡ. ಈ ರೇಸು ಬಿಡೋಣ ಎಂದ. ಯಜಮಾನ ಕೇಳಿಸಿಕೊಂಡವನಂತೆ ತಲೆಯಾಡಿಸಿ, ಗೆದ್ದ ರಿಬ್ಬನ್ನನ್ನು ಕಾರಿನ ಮೂತಿಯಿಂದ ಬಿಚ್ಚಿ ಜೇಬಿಗಿಟ್ಟುಕೊಂಡು ಹೋದ.

ಭಾವ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ. ಕಿಡಿ ಅವನ ಕಿವಿಯ ಹತ್ತಿರ ಬಗ್ಗಿದ.

"ಎಡ ತಿರುವಲ್ಲಿ ಎರಡು ಎಣಿಸೋದ್ರೊಳಗೆ ಕಾಲು ತೆಗೀರಿ ಭಾವ. ಎಣ್ಣೆ ವಾಪಸ್ ಬರ್ಲಿ. ಮೂರಕ್ಕೆ ಹೋಗ್ಬೇಡಿ."

"ನನಗೆ ಎರಡರ ತನಕವೇ ಲೆಕ್ಕ ಬರೋದು, ನಿಮ್ಮಕ್ಕನ್ನೇ ಕೇಳು," ಎಂದ ಭಾವ.

ಹನ್ನೆರಡು ಸುತ್ತು. ರೇಸಿನಲ್ಲಿ ಕಿಡಿಯ ಕೆಲಸ ಗೋಡೆಯ ಮೇಲಿಂದ ಬೋರ್ಡು ತೋರಿಸುವುದು: ಎಷ್ಟನೇ ಸುತ್ತು, ಮುಂದಿನವನು ಎಷ್ಟು ದೂರ, ಅಷ್ಟೇ. ಎಡ ತಿರುವು ಅಲ್ಲಿಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಮೊದಲ ನಾಲ್ಕು ಸುತ್ತು ಇಂಜಿನ್ನಿನ ಕೂಗು ತಿರುವಿನ ನಡುವೆ ಒಮ್ಮೆ ತಗ್ಗಿ ಮತ್ತೆ ಏರುತ್ತಿತ್ತು. ತಗ್ಗಿದಾಗಲೆಲ್ಲ ಕಿಡಿಗೆ ಉಸಿರು ಬರುತ್ತಿತ್ತು. ಅದೇ ತಗ್ಗಿನಲ್ಲಿ ಇಬ್ಬರು ಭಾವನನ್ನು ದಾಟಿ ಹೋದರು.

ಯಜಮಾನ ಬಂದು ಪಕ್ಕದಲ್ಲಿ ನಿಂತ. ಬೋರ್ಡಿನ ಮೇಲೆ 'ಒತ್ತು' ಎಂದು ಬರೆ ಎಂದ. ಆಗುವುದಿಲ್ಲ ಎಂದ ಕಿಡಿ. ಯಜಮಾನ ದನಿ ಏರಿಸಲಿಲ್ಲ. ಅವನು ಎಂದೂ ಏರಿಸಿದವನಲ್ಲ.

"ಕಾಲು ತೆಗೆಯೋ ಡ್ರೈವರ್ ನನಗೆ ಯಾಕಪ್ಪಾ? ನಾಳೆಯಿಂದ ಬೇರೆಯವನು ಓಡಿಸ್ತಾನೆ. ಮನೆಗೆ ಹೋಗಿ ನಿಮ್ಮಕ್ಕನಿಗೆ ನೀನೇ ಹೇಳು."

ಕಿಡಿ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಿದ್ದ. ಮಾತುಮಾತಿಗೆ ಊರಿನ ಮೇಲೆಲ್ಲ ಹರಿಹಾಯುತ್ತಿದ್ದ ಕಿಡಿ ಆಗ ಮಾಡಿದ್ದಿಷ್ಟೇ: ಸೀಮೆಸುಣ್ಣ ಎತ್ತಿಕೊಂಡ, ಬರೆದ, ಎರಡೂ ಕೈಯಲ್ಲಿ ಬೋರ್ಡನ್ನು ತಲೆಯ ಮೇಲೆತ್ತಿ ಹಿಡಿದ. ಭಾವ ಎದುರಿಗೆ ಹಾದುಹೋಗುವಾಗ ಬೆರಳೆತ್ತಿ, ನೋಡಿದೆ ಎಂದು ಸನ್ನೆ ಮಾಡಿದ.

ಆ ಸುತ್ತಿನಲ್ಲಿ ಇಂಜಿನ್ನಿನ ಕೂಗು ತಗ್ಗಲಿಲ್ಲ. ಐದು ಸೆಕೆಂಡೂ ಒಂದೇ ಎಳೆ. ಯಜಮಾನ ಗಡಿಯಾರ ನೋಡಿ, ನೋಡಿದೆಯಾ ಎಂಬಂತೆ ಹುಬ್ಬು ಕುಣಿಸಿದ. ಬೋರ್ಡು ಇಳಿಸಲೋ ಬೇಡವೋ ಎಂದುಕೊಂಡ ಕಿಡಿ. ಇಳಿಸಲಿಲ್ಲ. ಮುಂದಿನ ಸುತ್ತಿನಲ್ಲಿ ಕಿಡಿ ಮನಸ್ಸಿನಲ್ಲೇ ನಾಲ್ಕರ ತನಕ ಎಣಿಸಿದ. ಮೊದಲು ಡಬ್ಬಿಯೊಳಗೆ ಕಲ್ಲು ಕುಲುಕಿದಂಥ ಸದ್ದು. ಆಮೇಲೆ ಟೈರು ಕಿರುಚಿದ್ದು. ಆಮೇಲೆ ಗೋಡೆ.

ಆಸ್ಪತ್ರೆಯಲ್ಲಿ ಭಾವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಡ್ರೈವರಿನ ಅಂದಾಜು ತಪ್ಪಿತು, ಅಂಥ ಅಪರೂಪದ ಇಂಜಿನ್ನು ಮಣ್ಣುಪಾಲಾಯಿತು ಎಂದು ಯಜಮಾನ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದಾನೆ ಎಂಬ ಸುದ್ದಿ ವಾರ್ಡಿನ ತನಕ ಬಂತು. ಅವನ ಮನೆ ಬಾಗಿಲಿಗೇ ಹೋಗಿ ಕಾಲರ್ ಹಿಡಿಯುತ್ತೇನೆ ಎಂದು ಕಿಡಿ ಕಾರಿಡಾರಿನಲ್ಲಿ ಕೂಗಾಡಿದ. ಎರಡು ದಿನದಿಂದ ಅದೇ ಬೆಂಚಿನ ಮೇಲೆ ಕೂತಿದ್ದ ಅಕ್ಕ ತಲೆ ಕೂಡ ಎತ್ತಲಿಲ್ಲ. ನಿಮ್ಮ ಭಾವನಿಗೆ ಎಚ್ಚರವಾಗಿದೆ, ನಿನ್ನನ್ನೇ ಕೇಳುತ್ತಿದ್ದಾರೆ, ಹೋಗು ಎಂದಳು.

ಭಾವನ ಮುಖ ಊದಿ ಗುರುತೇ ಸಿಗುತ್ತಿರಲಿಲ್ಲ. ಹೊದಿಕೆ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ನಡುವಿನಲ್ಲೇ ಚಪ್ಪಟೆಯಾಗಿತ್ತು. ಕಿಡಿ ಕಿಟಕಿಯ ಕಡೆ ನೋಡುತ್ತ ನಿಂತ.

"ಬೋರ್ಡು ಮೇಸ್ತ್ರಿ ಕೈಲಿದ್ದಿದ್ರೆ ಕ್ಯಾರೇ ಅಂತಿರ್ಲಿಲ್ಲ ಕಣೋ," ಎಂದ ಭಾವ. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು. "ನಿನ್ನ ಕೈಲಿತ್ತು. ಇವನೇ ಒತ್ತು ಅಂತಾನೆ ಅಂದ್ರೆ ಇಂಜಿನ್ನು ತಡ್ಕೊಳುತ್ತೆ ಅಂತ ಏನೋ ಲೆಕ್ಕ ಹಾಕಿದಾನೆ ಅಂದ್ಕೊಂಡೆ. ಎಲ್ಲಿ ತಪ್ಪಿತೋ ಲೆಕ್ಕ?"

ಹೌದು ಭಾವ, ಲೆಕ್ಕ ತಪ್ಪಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಭಾವ ನಂಬುತ್ತಿದ್ದ. ಅಕ್ಕನೂ ನಂಬುತ್ತಿದ್ದಳು. ಆ ಮಾತು ಕಿಡಿಯ ನಾಲಿಗೆಯ ತುದಿಯವರೆಗೂ ಬಂತು.

"ಲೆಕ್ಕ ಹಾಕ್ಲೇ ಇಲ್ಲ ಭಾವ," ಎಂದ. "ತಡ್ಕೊಳಲ್ಲ ಅಂತ ಗೊತ್ತಿತ್ತು. ನಿಮ್ಮ ಕೆಲಸ ಹೋಗುತ್ತೆ ಅಂದ. ಎತ್ತಿ ಹಿಡ್ದೆ."

ಭಾವ ಅವನನ್ನೇ ನೋಡಿದ. ಸಿಟ್ಟಿನ ಕಣ್ಣಲ್ಲ. ಗೊತ್ತಿಲ್ಲದವರನ್ನು ಯಾರಿರಬಹುದು ಎಂದು ನೋಡುತ್ತೇವಲ್ಲ, ಹಾಗೆ.

"ನಿಮ್ಮಕ್ಕನ್ನ ಕಳಿಸು," ಎಂದ ಕೊನೆಗೆ. "ನೀನು ಬರ್ಬೇಡ."

ಅಕ್ಕ ಒಳಗೆ ಹೋದಳು. ಕಿಡಿ ಬಾಗಿಲಾಚೆ ಗೋಡೆಗೆ ಬೆನ್ನು ಕೊಟ್ಟು ನಿಂತ. ಕುರ್ಚಿ ಎಳೆದುಕೊಂಡ ಸದ್ದು ಕೇಳಿತು. ಭಾವ ತಡೆದು ತಡೆದು ಹೇಳತೊಡಗಿದ. ನಡುವೆ ಒಮ್ಮೆ ಅಕ್ಕ, "ಗೊತ್ತಿದ್ದೂ ಎತ್ತಿ ಹಿಡಿದಿದ್ದು ಯಾರು?" ಎಂದು ಕೇಳಿದಳು.

ಭಾವ ಇನ್ನೊಂದು ಸಲ ಹೇಳಿದ.