ಕಳ್ಳ ಅಳು

ನಮ್ಮತ್ತೆಯ ಮಣ್ಣಿನ ದಿನ, ಶವಪೆಟ್ಟಿಗೆಯ ತಲೆಯ ಬದಿಗೆ ಕೂತಿದ್ದ ನನ್ನ ವಾರಗಿತ್ತಿ ರೋತುವಾ, ಊರಿಗೆ ಊರೇ ಕಿವಿಗೊಟ್ಟು ಕಾಯುತ್ತಿದ್ದಾಗ, "ನನಗೆ ಅಳು ಬರ್ತಿಲ್ಲ, ನಾನು ಅಳಲ್ಲ," ಎಂದುಬಿಟ್ಟಳು.

ಬೇರೆ ಯಾವ ಸೊಸೆ ಹೀಗೆ ಹೇಳಿದ್ದರೂ ನಾಲ್ಕು ಜನ ಮೂಗು ಮುರಿದು ಸುಮ್ಮನಾಗುತ್ತಿದ್ದರು. ಆದರೆ ಇವಳು ರೋತುವಾ. ತೋಬಾ ಸರೋವರದ ನಮ್ಮ ದಂಡೆಯಲ್ಲಿ ಅವಳಂತೆ ಹಾಡಿಕೊಂಡು ಅಳುವವಳು ಇನ್ನೊಬ್ಬಳಿರಲಿಲ್ಲ. ಸತ್ತವರ ಶಾಲಿನ ಅಂಚು ಹಿಡಿದು, ಎದುರಿಗೆ ಕೂತವರ ಹತ್ತಿರ ಮಾತಾಡಿದ ಹಾಗೆ ಅವರನ್ನು ಮಾತಾಡಿಸುವಳು. ನಿಮ್ಮ ದೋಣಿಯ ಹಗ್ಗ ಇನ್ನೂ ಒಣಗಿಲ್ಲ, ಆಗಲೇ ಎಲ್ಲಿಗೆ ಹೊರಟಿರಿ ಎನ್ನುವಳು. ನೆಟ್ಟ ಈರುಳ್ಳಿ ಕೀಳುವವರು ಯಾರು ಎನ್ನುವಳು. ಸತ್ತವರ ಮೇಲೆ ಹಗೆ ಸಾಧಿಸಿದವರೂ ಅದನ್ನು ಕೇಳಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು. ಎದುರು ದಂಡೆಯ ಊರುಗಳಿಂದ ಅವಳನ್ನು ಕರೆದೊಯ್ಯಲು ದೋಣಿ ಬರುತ್ತಿತ್ತು. ಇಗರ್ಜಿಯ ಪಾದ್ರಿಗಳಿಗೆ ಈ ಹಳೆಯ ಪದ್ಧತಿ ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಹಾಗಿದ್ದೂ ಅವರ ತಾಯಿ ಹೋದಾಗ ಹೇಳಿಕಳಿಸಿದ್ದು ರೋತುವಾಗೇ.

ಅತ್ತೆಯದು ಸಣ್ಣ ಸಾವಲ್ಲ. ಮಕ್ಕಳಿಗೆಲ್ಲ ಮದುವೆಯಾಗಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿ ಹೋದ ಜೀವ. ಅಂಥವರಿಗೆ ಕೋಣ ಕಡಿಯಬೇಕು, ನಗಾರಿ ಬಾರಿಸಬೇಕು, ಮಕ್ಕಳು ಮೊಮ್ಮಕ್ಕಳು ಪೆಟ್ಟಿಗೆಯ ಸುತ್ತ ಕುಣಿಯಬೇಕು. ಎಲ್ಲವೂ ಆಯಿತು. ಕುಣಿತ ನಿಂತಿತು, ನಗಾರಿಯೂ ನಿಂತಿತು. ಎಲ್ಲರ ಕಣ್ಣೂ ಹಿರಿಸೊಸೆಯ ಮೇಲೆ ನೆಟ್ಟಿದ್ದಾಗ ಅವಳ ಬಾಯಿಂದ ಬಂದದ್ದು ಆ ಮಾತು.

ಮೊದಲು ಕಿರುಚಿದವಳು ನಮ್ಮ ಅತ್ತಿಗೆ ಲಮ್ರಿಯಾ. ಮೇದಾನ್ ಪಟ್ಟಣದಲ್ಲಿ ಗಂಡನ ಜೊತೆ ಬಟ್ಟೆ ಅಂಗಡಿ ಇಟ್ಟವಳು. ನಮ್ಮ ಗಂಡಂದಿರಿಬ್ಬರಿಗೂ ಅಕ್ಕ.

"ಏನಂದೆ? ಕಂಡೋರ ಮನೆ ಹೆಣಕ್ಕೆಲ್ಲ ಬಾಯಿ ಬಡ್ಕೊಂಡವಳು ನೀನು. ನಮ್ಮಮ್ಮನಿಗೆ ನಿನ್ನ ಹತ್ರ ಒಂದು ಹನಿ ಕಣ್ಣೀರಿಲ್ವಾ?"

"ಇಲ್ಲ ಅತ್ತಿಗೆ," ಎಂದಳು ರೋತುವಾ.

ಅವಳ ದನಿಯಲ್ಲಿ ಜಗಳವಿರಲಿಲ್ಲ. ಮನೆಯಲ್ಲಿ ಉಪ್ಪಿಲ್ಲ ಎಂದು ಹೇಳುವ ದನಿ ಅದು. ಅದೇ ಲಮ್ರಿಯಾಳನ್ನು ಕೆರಳಿಸಿತು, ಅವಳ ಮೇಲೆ ಏರಿಹೋದಳು. ಹೆಂಗಸರು ಅವಳನ್ನು ಹಿಡಿದುಕೊಂಡರು. ಯಾರೋ ಮುದುಕಿ ಹೇಗೋ ನಾಲ್ಕು ಸಾಲು ಎಳೆದಳು, ಅತ್ತೆಯನ್ನು ಹೊತ್ತುಕೊಂಡು ಹೋಗಿ ಗೋರಿಯಲ್ಲಿಟ್ಟು ಬಂದೆವು.

ರೋತುವಾಳಿಗೆ ಹೀಗಾದದ್ದು ಅಂದೇ ಅಲ್ಲ. ನನಗೆ ಅದು ಹಿಂದಿನ ವರ್ಷವೇ ಗೊತ್ತಿತ್ತು. ಈರುಳ್ಳಿ ಮಡಿಯಲ್ಲಿ ಇಬ್ಬರೂ ಕಳೆ ಕೀಳುತ್ತಿದ್ದೆವು. ಅವಳ ಮಗನಿಗೆ ಪೊಲೀಸ್ ಕೆಲಸ ಸಿಕ್ಕ ಸುದ್ದಿ ಬಂದ ವಾರ ಅದು. "ಏನಕ್ಕಾ, ಇನ್ನು ನಿನ್ನ ಕಾಲು ನೆಲದ ಮೇಲೆ ನಿಲ್ಲಲ್ಲ ಬಿಡು," ಎಂದು ನಾನು ಛೇಡಿಸಿದೆ.

ಅವಳು ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ. "ತಿಯೋ, ಎಲ್ಲರೂ ನಕ್ಕರು ಅಂತ ನಾನೂ ನಕ್ಕೆ ಕಣೇ. ಒಳಗೆ ಏನೂ ಆಗ್ಲಿಲ್ಲ."

"ಸುಸ್ತಾಗಿರಬೇಕು."

"ಸುಸ್ತು ನಂಗೊತ್ತು. ಇದು ಸುಸ್ತಲ್ಲ. ನೋವೂ ಅಲ್ಲ. ನೋವಾಗಿದ್ರೆ ಚೆನ್ನಾಗಿತ್ತು, ಇಲ್ಲಿ ಅಂತ ಬೆರಳಿಟ್ಟು ತೋರಿಸ್ತಿದ್ದೆ. ಮನೆ ಗುಡಿಸಿ, ಸಾಮಾನೆಲ್ಲ ಹೊರಗಿಟ್ಟು, ಬಾಗಿಲು ಹಾಕ್ಕೊಂಡು ಹೋದ್ರೆ ಹೆಂಗಿರುತ್ತೆ? ಹಂಗಿದೆ."

ಅವಳ ಗಂಡ ಮರೋಲೊಪ್ ಹೊಡೆಯುವವನಲ್ಲ, ಸೇಂದಿ ಅಂಗಡಿಗೆ ಹೋದರೂ ಹಾಡಿ ಮನೆಗೆ ಬರುವವನು. ಮಕ್ಕಳು ಆರೋಗ್ಯವಾಗಿದ್ದರು. ಕಾರಣ ಹುಡುಕಿದೆ, ಸಿಗಲಿಲ್ಲ. ಅವಳೂ ಹುಡುಕಿದ್ದಳಂತೆ.

ಆಗ ಅತ್ತೆ ಹಾಸಿಗೆ ಹಿಡಿದಿದ್ದರು. ಅವರನ್ನು ಮಗ್ಗುಲು ತಿರುಗಿಸುವುದು, ಬೆನ್ನು ಒರೆಸುವುದು, ಗಂಜಿ ಕುಡಿಸುವುದು ಹೆಚ್ಚಾಗಿ ರೋತುವಾಳದೇ. ನಾನು ಹಗಲು ಕೈ ಜೋಡಿಸುತ್ತಿದ್ದೆ. ಅತ್ತೆ ಬೈಯುವರು, ಬಟ್ಟಲು ತಳ್ಳುವರು. ಇವಳು ಚೆಲ್ಲಿದ ಗಂಜಿ ಒರೆಸಿ ಇನ್ನೊಂದು ಬಟ್ಟಲು ತರುವಳು. ಪ್ರೀತಿಯಿಂದಲೋ ಎಂದರೆ ಅಲ್ಲ, ಬೇಸರದಿಂದಲೋ ಎಂದರೆ ಅದೂ ಅಲ್ಲ. ಮಾಡುತ್ತಿದ್ದಳು, ಅಷ್ಟೆ.

ಸಾವಿನ ಮನೆಗಳಿಗೆ ಹೋಗುವುದನ್ನೂ ಆಗ ಬಿಟ್ಟಿರಲಿಲ್ಲ. ಕಸುಬು ಗಂಟಲಲ್ಲಿ ಕೂತಿತ್ತು, ಬಾಯಿ ತೆರೆದರೆ ಬರುತ್ತಿತ್ತು. ಆಮೇಲೆ ಎದುರು ದಂಡೆಯಲ್ಲಿ ಒಬ್ಬ ಹರೆಯದ ಮೀನುಗಾರ ಮುಳುಗಿ ಸತ್ತ. ರೋತುವಾ ಎಂದಿನಂತೆ ಅತ್ತಳು, ನೆರೆದವರನ್ನೆಲ್ಲ ಅಳಿಸಿದಳು. ಮುಗಿದ ಮೇಲೆ ಆ ಹುಡುಗನ ತಾಯಿ ಇವಳನ್ನು ಅಪ್ಪಿಕೊಂಡು, "ನನ್ನ ಕೈಲಾಗದ್ದನ್ನ ನೀನು ಅತ್ತುಕೊಟ್ಟೆಯಲ್ಲ ತಾಯಿ, ನಿನ್ನ ಹೊಟ್ಟೆ ತಣ್ಣಗಿರಲಿ," ಎಂದಳು.

ಮರಳಿ ಬರುವಾಗ ದೋಣಿಯಲ್ಲಿ ನಾನು ಪಕ್ಕದಲ್ಲೇ ಇದ್ದೆ. ರೋತುವಾ ನೀರಿನಲ್ಲಿ ಕೈ ಅದ್ದಿ ಅದ್ದಿ ತೊಳೆದುಕೊಂಡಳು. "ಆ ಹೆಂಗಸು ನನ್ನ ತಬ್ಬಿಕೊಂಡಾಗ ನಾನು ಏನು ಯೋಚಿಸ್ತಿದ್ದೆ ಗೊತ್ತಾ? ಚಾಪೆ ಹರಿದಿದೆಯಲ್ಲ ಅಂತ. ಅವಳ ಮಗ ಸತ್ತಿದ್ದಾನೆ, ನಾನು ಚಾಪೆ ನೋಡ್ತಾ ಇದೀನಿ. ಇನ್ನು ಸಾಕು. ಇದು ಕಳ್ಳ ಅಳು. ಕಳ್ಳ ಅಳು ನಾನು ಅಳಲ್ಲ."

ಅದಾದ ಮೇಲೆ ಅವಳು ಕರೆಯಲು ಬಂದ ಯಾವ ದೋಣಿಯನ್ನೂ ಹತ್ತಲಿಲ್ಲ. ಗಂಟಲು ಕೆಟ್ಟಿದೆ ಎಂದು ಮರೋಲೊಪ್ ಬಂದವರಿಗೆ ಸುಳ್ಳು ಹೇಳಿ ಕಳಿಸುತ್ತಿದ್ದ. ಅತ್ತೆ ಹೋದ ದಿನ ಆ ಸುಳ್ಳಿಗೂ ಜಾಗ ಉಳಿಯಲಿಲ್ಲ.

ಮಣ್ಣು ಮುಗಿದ ಮೇಲೆ ಮದ್ದು ಶುರುವಾಯಿತು. ಪಾದ್ರಿ ಬಂದರು. ಖಾಲಿ ಮನೆಯಲ್ಲಿ ಸೈತಾನ ಬಿಡಾರ ಹೂಡುತ್ತಾನಮ್ಮ ಎಂದರು. "ಬಂದ್ರೆ ಅವನಿಗೂ ಬೇಜಾರಾಗುತ್ತೆ ಗುರುಗಳೇ, ಕೂರೋಕೆ ಒಂದು ಮಣೆನೂ ಇಲ್ಲ," ಎಂದಳು. ಪಾದ್ರಿ ನಗು ತಡೆಯಲಾರದೆ ಕೆಮ್ಮಿದರು. ಮಂತ್ರ ಹಾಕುವವನು ಬಂದು ನಿಂಬೆಹಣ್ಣು ಕತ್ತರಿಸಿ ನೀರಿನಲ್ಲಿ ತೇಲಿಬಿಟ್ಟು, ಯಾರೋ ಇವಳ ದನಿ ಕದ್ದಿದ್ದಾರೆ ಎಂದ. ಅಕ್ಕಪಕ್ಕದ ಹೆಂಗಸರು ದಿನಕ್ಕೊಬ್ಬರಂತೆ ಬಂದು ಬುದ್ಧಿ ಹೇಳಿದರು. ಗಂಡ ಇದ್ದಾನೆ, ಮಕ್ಕಳಿದ್ದಾರೆ, ಗದ್ದೆ ಇದೆ, ನಿನಗೇನು ಕಡಿಮೆ? ರೋತುವಾ ಎಲ್ಲರಿಗೂ ಕಾಫಿ ಕೊಟ್ಟಳು. ಒಬ್ಬಳಿಗೆ ಮಾತ್ರ, "ಕಡಿಮೆ ಇಲ್ಲ ಅಂತ ನಂಗೂ ಗೊತ್ತು ಮಾರಾಯ್ತಿ. ಹೊಟ್ಟೆ ತುಂಬಿದೆ ಅಂದ್ರೆ ಹಲ್ಲುನೋವು ಹೋಗುತ್ತಾ?" ಎಂದು ಕೇಳಿದಳು.

ಕೊನೆಗೆ ಮರೋಲೊಪ್ ಅವಳನ್ನು ದೋಣಿಯಲ್ಲಿ ಕೂರಿಸಿಕೊಂಡು ಪೇಟೆಯ ಆಸ್ಪತ್ರೆಗೆ ಹೋದ. ಅಲ್ಲಿದ್ದ ಡಾಕ್ಟರಮ್ಮ ಬಹಳ ಹೊತ್ತು ಕೇಳಿದರಂತೆ. ಇದೊಂದು ಕಾಯಿಲೆ, ನಿಧಾನವಾಗಿ ಹೋಗಬಹುದು, ಹೋದದ್ದು ಮತ್ತೆ ಬರಲೂಬಹುದು ಎಂದು ಹೇಳಿ ಮಾತ್ರೆ ಕೊಟ್ಟರು. ಮಾತ್ರೆಯಿಂದ ನಿದ್ದೆ ಬಂತು. ಒಳಗಿನ ಖಾಲಿ ಹಾಗೇ ಉಳಿಯಿತು. ಆದರೆ ಮನೆಗೆ ಬಂದವಳೇ ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, "ಕಾಯಿಲೆ ಅಂದ್ರು ಕಣೇ. ಪಾಪ ಅಲ್ವಂತೆ," ಎಂದಳು. ಅಂದಿನಿಂದ ಅವಳ ಬೆನ್ನು ನೆಟ್ಟಗಾಯಿತು.

ಆ ಹೊತ್ತಿಗೇ ಲಮ್ರಿಯಾಳ ಫಿರ್ಯಾದು ಹಿರಿಯರಿಗೆ ಮುಟ್ಟಿತ್ತು. ನಮ್ಮಲ್ಲಿ ತಪ್ಪು ಮಾಡಿದವರು ಹಂದಿ ಅಡುಗೆ ಮಾಡಿ, ಅನ್ನದ ಜೊತೆ ಹಿರಿಯರ ಮುಂದಿಟ್ಟು, ಕೈಮುಗಿದು ತಪ್ಪಾಯಿತು ಎನ್ನಬೇಕು. ಅವರು ಉಂಡರೆ ತಪ್ಪು ಮುಗಿದ ಹಾಗೆ. ರೋತುವಾ ಹಾಗೆ ಮಾಡಬೇಕು, ಆಮೇಲೆ ಅತ್ತೆಯ ಗೋರಿಯ ಮುಂದೆ ಕೂತು ಹಾಡಿಕೊಂಡು ಅಳಬೇಕು ಎಂದು ಹಿರಿಯರು ತೀರ್ಮಾನಿಸಿದರು.

"ಅಡುಗೆ ಮಾಡ್ತೀನಿ," ಎಂದಳು ರೋತುವಾ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ದೊಡ್ಡ ಮನೆಯಲ್ಲಿ ಚಾಪೆ ಹಾಸಿದರು. ನಮ್ಮ ಕುಲದ ಹಿರಿಯ, ಎಲ್ಲರೂ ಸಹಲಾನ ಅಜ್ಜ ಎಂದು ಕರೆಯುವ ಮುದುಕ, ನಡುವೆ ಕೂತ. ಲಮ್ರಿಯಾ ಅವನ ಬಲಕ್ಕೆ, ಕಪ್ಪು ಬಟ್ಟೆಯಲ್ಲಿ. ರೋತುವಾ ಮತ್ತು ನಾನು ಬೆಳಗಿನಿಂದ ಬೇಯಿಸಿದ್ದೆವು. ನಾಲಿಗೆ ಜುಮ್ಮೆನ್ನಿಸುವ ಕಾಡುಮೆಣಸು ಹಾಕಿದ ಆ ಅಡುಗೆಯ ಪರಿಮಳಕ್ಕೆ ಮಾತಾಡುತ್ತಿದ್ದವರು ಮಾತು ಮರೆಯುತ್ತಿದ್ದರು. ಪಾತ್ರೆಯನ್ನು ಅಜ್ಜನ ಮುಂದಿಟ್ಟು ಅವಳು ಮಂಡಿಯೂರಿ ಕೂತಳು.

"ಹೇಳಮ್ಮ," ಎಂದ ಅಜ್ಜ.

"ಊಟ ಮಾಡಿ ಅಜ್ಜ. ಎಲ್ಲರೂ ಮಾಡಿ. ಅತ್ತಿಗೆ ದೂರದಿಂದ ಬಂದಿದಾರೆ, ನೀವು ಹಿರಿಯರು ಬಂದಿದೀರಿ, ಅದಕ್ಕೆ ಮಾಡಿದೀನಿ. ತಪ್ಪಾಯ್ತು ಅಂತ ಮಾತ್ರ ಹೇಳಲ್ಲ."

ಚಾಪೆಯ ಮೇಲೆ ಗುಸುಗುಸು ಎದ್ದಿತು. ಲಮ್ರಿಯಾ ಎರಡೂ ಕೈ ಎತ್ತಿದಳು. "ನೋಡಿದ್ರಾ? ನೋಡಿದ್ರಾ ಅಹಂಕಾರ? ಕಲ್ಲು ಇವಳು, ಕಲ್ಲು!"

"ಕಲ್ಲೇ ಅನ್ನಿ ಅತ್ತಿಗೆ. ಅತ್ತೆ ಹಾಸಿಗೇಲಿ ಇದ್ದಾಗ ಎಷ್ಟು ಸಲ ಬಂದ್ರಿ?"

"ನಂಗೆ ಅಂಗಡಿ ಇತ್ತು..."

"ಇತ್ತು, ಇರಲಿ. ಬರ್ಲಿಲ್ಲ ಅಂತ ದೂರ್ತಿಲ್ಲ. ನಾನು ಅವರನ್ನ ತೊಳೆದಾಗಲೂ ನನ್ನ ಒಳಗೆ ಏನೂ ಇರ್ಲಿಲ್ಲ, ಉಣಿಸಿದಾಗಲೂ ಇರ್ಲಿಲ್ಲ. ಆದ್ರೂ ಒಂದು ಹೊತ್ತು ಬಿಟ್ಟಿಲ್ಲ. ಅದಕ್ಕೆ ಯಾರೂ ನನ್ನ ಕರೆದು ಚಾಪೆ ಮೇಲೆ ಕೂರಿಸ್ಲಿಲ್ಲ. ಈಗ ಕಣ್ಣೀರಿನ ಲೆಕ್ಕಕ್ಕೆ ಕೂರಿಸಿದೀರಿ. ಕೊಡಲ್ಲ."

ಮರೋಲೊಪ್ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನು ಅಕ್ಕನಿಗೆ ಎದುರಾಡಿದ್ದನ್ನು ನಾನು ಕಂಡವಳಲ್ಲ. ಲಮ್ರಿಯಾ ಅವನ ಕಡೆ ತಿರುಗಿದಳು, ಅವನು ಕಣ್ಣೆತ್ತಲಿಲ್ಲ. ಆಗ ಅವಳ ದನಿ ಒಡೆಯಿತು. ಕೂಗಾಟವೆಲ್ಲ ಹೋಗಿ ಬೇರೆಯೇ ದನಿ ಬಂತು.

"ಅಮ್ಮನ ಮಣ್ಣಿಗೆ ಬರೋವಾಗ ಬಸ್ಸಲ್ಲಿ ದಾರಿಯುದ್ದಕ್ಕೂ ನಾನು ಅದನ್ನೇ ನೆನೆಸ್ಕೊಂಡು ಬಂದೆ ಕಣೇ ರೋತುವಾ. ನಂಗೆ ಹಾಡೋಕೆ ಬರಲ್ಲ. ಪೇಟೆ ಸೇರಿ ನಮ್ಮ ಮಾತೇ ಅರ್ಧ ಮರೆತುಹೋಗಿದೆ. ರೋತುವಾ ಇದಾಳೆ, ಅಮ್ಮನ್ನ ಅವಳು ಕರೀತಾಳೆ, ಹೇಗೆ ಕರೀತಾಳೋ ಕೇಳ್ಬೇಕು ಅಂತ ಬಂದೆ. ಊರವರಿಗೆಲ್ಲ ಕೊಟ್ಟಿದ್ದನ್ನ ನಮ್ಮಮ್ಮನಿಗೆ ಕೊಡ್ಲಿಲ್ಲವಲ್ಲೇ."

ರೋತುವಾ ಅವಳ ಕಡೆ ತಿರುಗಿ ಕೂತಳು.

"ಅತ್ತಿಗೆ, ಬಾಯಿ ತೆರೆದಿದ್ರೆ ಬರ್ತಿತ್ತು. ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನಿಮಗೂ ಗೊತ್ತಾಗ್ತಿರ್ಲಿಲ್ಲ, ಅತ್ತು ಹಗುರಾಗಿ ಮೇದಾನ್‌ಗೆ ಹೋಗ್ತಿದ್ರಿ. ಕಂಡೋರಿಗೆ ಕಳ್ಳ ಅಳು ಅತ್ತಿದೀನಿ. ನಿಮ್ಮಮ್ಮನ ತಲೆ ಹತ್ರ ಕೂತು ಅದನ್ನ ಮಾಡೋಕೆ ನನ್ನ ಕೈಲಾಗ್ಲಿಲ್ಲ. ಬೇಕು ಅಂದ್ರೆ ಹೇಳಿ, ಈಗಲೇ ಗೋರಿ ಹತ್ರ ಹೋಗಿ ಅಳ್ತೀನಿ. ಆದ್ರೆ ಅದು ಖೋಟಾ ಅಂತ ಗೊತ್ತಿದ್ದೂ ಕೇಳ್ಬೇಕು ನೀವು. ಬೇಕಾ?"

ಲಮ್ರಿಯಾ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅದರಲ್ಲಿ ಹಾಡೂ ಇರಲಿಲ್ಲ, ಮಾತೂ ಇರಲಿಲ್ಲ.

ಆಗ ಮರೋಲೊಪ್ ಎದ್ದು ಬಂದ. ಪಾತ್ರೆಗೆ ಕೈ ಹಾಕಿ, ಹಿರಿಯರಿಗಿಂತ ಮೊದಲು, ಒಂದು ತುಂಡು ತೆಗೆದು ಬಾಯಿಗಿಟ್ಟುಕೊಂಡ. ನಮ್ಮಲ್ಲಿ ಅದು ಎಂಥ ಅಪಚಾರವೆಂದರೆ, ಒಂದಿಬ್ಬರು ಎದ್ದೇ ನಿಂತರು. ಅವನು ಅಗಿಯುತ್ತ, "ಹಸಿವಾಗಿತ್ತು," ಎಂದ.

ಸಹಲಾನ ಅಜ್ಜ ಅವನನ್ನು ನೋಡಿದ, ಪಾತ್ರೆಯನ್ನು ನೋಡಿದ. "ಮುಂಡೇಮಗ, ಒಳ್ಳೆ ತುಂಡನ್ನೇ ಎತ್ಕೊಂಡ," ಎಂದವನೇ ತನ್ನ ತಟ್ಟೆ ಮುಂದೆ ಚಾಚಿದ. ಕೆಲವರು ಉಂಡರು. ಕೆಲವರು ಉಣ್ಣದೆ ಎದ್ದು ಹೋದರು. ಲಮ್ರಿಯಾಳ ತಟ್ಟೆ ಹಾಗೇ ಉಳಿಯಿತು. ಸಂಜೆಯ ದೋಣಿಗೆ ಅವಳು ಹೊರಟಾಗ ರೋತುವಾ ಚೀಲ ಹೊತ್ತುಕೊಂಡು ದಂಡೆಯವರೆಗೆ ಹೋದಳು. ಲಮ್ರಿಯಾ ಬೇಡವೆನ್ನಲಿಲ್ಲ, ತಿರುಗಿಯೂ ನೋಡಲಿಲ್ಲ.

ಊರಲ್ಲಿ ಎರಡು ಪಂಗಡವಾಯಿತು. ಇಗರ್ಜಿಯ ಹಾಡಿನ ಗುಂಪಿನಿಂದ ರೋತುವಾಳನ್ನು ತೆಗೆದರು. ಆ ಸುದ್ದಿ ತಿಳಿದ ಬೆಳಿಗ್ಗೆ ಅವಳು ನನ್ನ ಅಂಗಳಕ್ಕೆ ದಡದಡನೆ ಬಂದಳು. ಮುಖ ಕೆಂಪಾಗಿತ್ತು.

"ತಿಯೋ! ಸಿಟ್ಟು ಬಂತು ಕಣೇ!"

"ಯಾರ ಮೇಲೆ?"

"ಅವಳೇ, ಆ ಹಾಡಿಸೋಳ ಮೇಲೆ. ಶ್ರುತಿ ಗೊತ್ತಿಲ್ಲದ ಮುಂಡೆ, ನನ್ನ ಜಾಗಕ್ಕೆ ತನ್ನ ತಂಗೀನ ಕೂರಿಸ್ಕೊಂಡಿದಾಳೆ. ಇಲ್ಲಿ, ಇಲ್ಲೇ ಉರೀತಿದೆ ನೋಡು!" ನನ್ನ ಕೈ ಎಳೆದು ತನ್ನ ಎದೆಯ ಮೇಲಿಟ್ಟುಕೊಂಡಳು. ಹಬ್ಬದ ಬಟ್ಟೆ ತೋರಿಸಲು ಬಂದವಳ ಹಾಗಿತ್ತು ಅವಳ ಸಡಗರ. ಇಬ್ಬರೂ ಸೇರಿ ಆ ಹೆಂಗಸನ್ನು ಬಾಯ್ತುಂಬ ಬೈದೆವು.

ಮಧ್ಯಾಹ್ನದ ಹೊತ್ತಿಗೆ ಅದು ಇಳಿದುಹೋಯಿತು. ನಾನು ಕೇಳಿದ್ದಕ್ಕೆ, "ಇಲ್ಲ, ಹೋಯ್ತು. ಮತ್ತೆ ಅದೇ," ಎಂದಳು. ನನ್ನ ಮುಖ ಬಾಡಿದ್ದನ್ನು ಕಂಡು ಗದರಿದಳು. "ನೀನ್ಯಾಕೆ ಹೆಣ ಕಾಯೋಳ ಥರ ಕೂತಿದೀಯ? ಬಂದಾಗ ಬರ್ಲಿ. ನಾನೇನು ಬಾಗಿಲಲ್ಲಿ ನಿಂತು ಕಾಯ್ತೀನಾ? ಏಳು, ಈರುಳ್ಳಿ ಕೀಳೋದಿದೆ."

ಮೊನ್ನೆ ಎದುರು ದಂಡೆಯಲ್ಲಿ ಒಂದು ಸಾವಾಯಿತು. ಬಹಳ ದಿನಗಳ ಮೇಲೆ ದೋಣಿ ಬಂತು. ರೋತುವಾ ಅವರಿಗೆ ಮೊದಲೇ ಹೇಳಿದಳು: ಬರುತ್ತೇನೆ, ಅಳುವುದಿಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಾ ಎಂದರು. ನಾನೂ ಜೊತೆಗೆ ಹೋದೆ. ಅವಳು ಹೆಣದ ತಲೆಯ ಹತ್ತಿರ ಬೆಳಿಗ್ಗೆ ಕೂತವಳು ಏಳಲಿಲ್ಲ. ನೊಣ ಓಡಿಸಿದಳು, ಸತ್ತವಳ ಸೊಸೆಗೆ ನೀರು ಕುಡಿಸಿದಳು, ಅವಳು ಬಿಕ್ಕಿದಾಗ ಬೆನ್ನ ಮೇಲೆ ಕೈ ಇಟ್ಟಳು. ರೋತುವಾಳ ಕಣ್ಣು ಒಣಗಿಯೇ ಇತ್ತು. ಹಿಂದೆ ಕೂತ ಹೆಂಗಸರಲ್ಲಿ ಯಾರೋ, ಅಳಲ್ಲ ಅನ್ನೋಳು ಇಲ್ಲಿಗ್ಯಾಕೆ ಬಂದಳು ಎಂದು ಪಿಸುಗುಟ್ಟಿದರು.

ರೋತುವಾ ತಿರುಗಿದಳು. ಆ ದೊಡ್ಡ ದನಿ, ಒಂದು ಕಾಲಕ್ಕೆ ಇಡೀ ದಂಡೆಯನ್ನು ಅಳಿಸಿದ್ದ ದನಿ, ಮನೆ ತುಂಬಿತು.

"ಕೂರೋಕೆ ಬಂದಿದೀನಿ. ಅಳು ಬರೋರು ಅಳ್ರಮ್ಮ, ನಾನು ಎಲ್ಲೂ ಹೋಗಲ್ಲ."