ಒಂಬತ್ತನೇ ಇನ್ನಿಂಗ್ಸಿನ ನಾಯಿ

ಟಕ್.

ರಾತ್ರಿ ಹನ್ನೊಂದೂವರೆಗೆ ಮಹಡಿಯಿಂದ ಬಂದ ಸದ್ದು. ನಾನು ಅಡುಗೆಮನೆಯ ಮೇಜಿನ ಮೇಲೆ ಪುಸ್ತಕದ ಕರಡು ಹರಡಿಕೊಂಡು ಕೂತಿದ್ದೆ. ಎದ್ದು ನಲ್ಲಿ ನೋಡಿದೆ, ಒಲೆ ನೋಡಿದೆ, ಹಿಂಬಾಗಿಲ ಚಿಲಕವನ್ನು ಎರಡನೇ ಸಲ ನೋಡಿದೆ. ಮತ್ತೆ ಟಕ್. ಆಗ ಮೆಟ್ಟಿಲು ಹತ್ತಿದೆ.

ವೆನ್ಸಿಲ್ ಮಾಮ ಕತ್ತಲಲ್ಲಿ ಹಾಸಿಗೆಯ ಮೇಲೆ ಕೂತು, ತೊಡೆಯ ಮೇಲೆ ಖಾಲಿ ಸಿಗಾರಿನ ಡಬ್ಬಿ ಇಟ್ಟುಕೊಂಡು, ಅದಕ್ಕೆ ಪೆನ್ಸಿಲಿನಿಂದ ಹೊಡೆಯುತ್ತಿದ್ದರು.

"ಬಂದ್ಯಾ? ಕೂತ್ಕೋ. ಎರಡು ಔಟಾಗಿದೆ."

"ಯಾರಿಗೆ ಮಾಮ?"

"ಡನ್‌ಮೋರ್‌ನೋರಿಗೆ. ಇನ್ಯಾರಿಗೆ? ನಲವತ್ತೊಂಬತ್ತನೇ ಇಸವಿ, ಜುಲೈ ತಿಂಗಳು. ನಿದ್ದೆ ಬರದಿದ್ರೆ ಈ ಆಟ ಆಡ್ಕೋತೀನಿ. ಎಂಟನೇ ಇನ್ನಿಂಗ್ಸಲ್ಲಿ ಮಲ್ಕೊಂಬಿಡ್ತಿದ್ದೆ. ಇವತ್ತು ಒಂಬತ್ತಕ್ಕೆ ಬಂದ್ಬಿಟ್ಟಿದೆ."

ಆ ಆಟ ನಮ್ಮೂರು ಕೆಲ್ಬಿಯಲ್ಲಿ ಹುಟ್ಟಿದವರಿಗೆಲ್ಲ ಬಾಯಿಪಾಠ. ನಮ್ಮ ಬೇಸ್‌ಬಾಲ್ ತಂಡಕ್ಕೆ ಆಗ ಮಿಲ್ಲರ್ಸ್ ಎಂಬ ಹೆಸರು. ಸಂಬಳ ಕೊಟ್ಟು ಆಡಿಸುವ ತಂಡವೇ, ಆದರೆ ಆ ವರ್ಷ ಅದಕ್ಕೆ ಆಟದಲ್ಲಿ ಪುರಾವೆ ಸಿಗುತ್ತಿರಲಿಲ್ಲ. ಸಾಲಾಗಿ ಹದಿಮೂರು ಸೋಲು. ಮಾಲೀಕರು ತಂಡವನ್ನು ಬೇರೆ ಊರಿಗೆ ಮಾರುವ ಮಾತು ನಡೆಸಿದ್ದರು. ಅಂಥ ಹೊತ್ತಿನಲ್ಲಿ, ತೊಂಬತ್ತು ಮೈಲಿ ಆಚೆಯ ಡನ್‌ಮೋರ್‌ನಲ್ಲಿ ನಾವು ನಾಲ್ಕು–ಮೂರರಿಂದ ಮುಂದಿದ್ದೆವು. ಕೊನೆಯ, ಅಂದರೆ ಒಂಬತ್ತನೇ ಇನ್ನಿಂಗ್ಸ್; ಗೆಲ್ಲಲು ಮೂರನೆಯ ಔಟ್ ಒಂದೇ ಬಾಕಿ. ಒಂದು ಕಿವಿ ಮಾತ್ರ ಬಿಳಿಯಾಗಿದ್ದ ಕಂದು ನಾಯಿಯೊಂದು ಬೇಲಿ ನುಸುಳಿ ಬಂದು, ಗೆರೆಯಾಚೆ ಉರುಳಿದ್ದ ಚೆಂಡನ್ನು ಕಚ್ಚಿಕೊಂಡು ಓಡಿತು. ಮೈದಾನದ ಬಲಬದಿಯ ಕೊನೆಯಲ್ಲಿ ಚೆಂಡು ಕಾಯುತ್ತಿದ್ದ ಎಮಿಲ್ ಹ್ರುಸ್ಕಾ ಆರು ನಿಮಿಷ ಅಟ್ಟಿಸಿಕೊಂಡು ಹೋಗಿ ಅದನ್ನು ಹಿಡಿದರು. ಮುಂದಿನ ಎಸೆತಕ್ಕೇ ಔಟ್. ಇದೆಲ್ಲವನ್ನೂ ಕೆಲ್ಬಿ ರೇಡಿಯೋದಲ್ಲಿ ಕೇಳಿತು. ಮುಂದಿನ ವಾರ ಊರಿಗೂರೇ ತನ್ನ ನಾಯಿಗಳನ್ನು ಹಿಡಿದುಕೊಂಡು ಮೈದಾನಕ್ಕೆ ಬಂತು. ತಂಡ ಮಾರಾಟವಾಗಲಿಲ್ಲ. ಮರುವರ್ಷ ಹೆಸರೇ ಹೌಂಡ್ಸ್, ಅಂದರೆ ಬೇಟೆನಾಯಿಗಳು, ಎಂದಾಯಿತು. ಅಂಪೈರನ ಜೇಬಿನಲ್ಲಿ ಇನ್ನೊಂದು ಚೆಂಡು ಇರಲಿಲ್ಲವೇ ಎಂದು ಐವತ್ತು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ನಾಯಿಯೇ ಇರಲಿಲ್ಲ ಎಂದು ಡನ್‌ಮೋರ್‌ನವರು ಇವತ್ತಿಗೂ ಹೇಳುತ್ತಾರೆ. ಒಂದು ರನ್ನಿನಿಂದ ಸೋತವರು ಇನ್ನೇನು ಹೇಳಿಯಾರು ಎಂದು ನಾವು ನಗುತ್ತೇವೆ.

ತಂಡದ ಚರಿತ್ರೆ ಬರೆಯುವ ಕೆಲಸ ನನಗೆ ಬಂದದ್ದು ನಾನು ಊರಿನ ಗ್ರಂಥಾಲಯ ನೋಡಿಕೊಳ್ಳುತ್ತೇನೆಂಬ ಕಾರಣಕ್ಕೆ. ಪ್ರತಿ ಮಾತಿಗೂ ಆಧಾರ ಬೇಕೆಂದು ಮೊದಲ ದಿನವೇ ಷರತ್ತು ಹಾಕಿದ್ದೆ. "ಕೆಮ್ಮಿದ್ರೂ ಅಡಿಟಿಪ್ಪಣಿ ಹಾಕೋರು ನೀವೊಬ್ರೇ ಮೇಡಂ," ಎಂದು ತಂಡದ ಮ್ಯಾನೇಜರ್ ಗ್ಯಾರೆಟ್ ಹಾಸ್ಯ ಮಾಡಿದ್ದ. ಸೋಮವಾರ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. ಅದಕ್ಕೂ ಮೊದಲು, ಶನಿವಾರ, ಮೈದಾನದ ಮುಂದೆ ನಾಯಿಯ ಕಂಚಿನ ಪ್ರತಿಮೆಯನ್ನು ಎಮಿಲ್ ಅವರೇ ಅನಾವರಣ ಮಾಡಬೇಕಿತ್ತು. ಅವತ್ತು ಬುಧವಾರ. ಡನ್‌ಮೋರ್‌ನ ಹಳೆಯ ಪತ್ರಿಕೆಯಲ್ಲಿ ಬಂದ ಆ ಆಟದ ವರದಿಯ ನಕಲೊಂದು ಮೂರು ವಾರದಿಂದ ನನ್ನ ಚೀಲದಲ್ಲಿತ್ತು. ಪ್ರೇಕ್ಷಕರೊಬ್ಬರ ಟೋಪಿ ಗಾಳಿಗೆ ಹಾರಿದ್ದನ್ನೂ ಅದರಲ್ಲಿ ಬರೆದಿದ್ದರು. ನಾಯಿ ಮಾತ್ರ ಇರಲಿಲ್ಲ. ಸೋತವರ ಪತ್ರಿಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

"ಆಮೇಲೆ ತಂತಿ ಸತ್ತೋಯ್ತು," ಎಂದರು ಮಾಮ.

ಪರವೂರಿನ ಆಟಕ್ಕೆ ಯಾರನ್ನೂ ಕಳಿಸುವ ಶಕ್ತಿ ಆಗಿನ ನಮ್ಮ ರೇಡಿಯೋಗೆ ಇರಲಿಲ್ಲ. ಅಲ್ಲಿಂದ ಟೆಲಿಗ್ರಾಫ್ ತಂತಿಯಲ್ಲಿ ಎರಡೆರಡು ಪದ ಬರುತ್ತಿತ್ತು. ಆಗ ರೇಡಿಯೋದಲ್ಲಿ ಕೆಲಸಕ್ಕಿದ್ದ ಮಾಮ ಅದನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ವೆಂಡೆಲ್ ಓಕ್ಸ್ ಎಂಬ ಉದ್ಘೋಷಕ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಆ ಎರಡು ಪದಕ್ಕೆ ಬಿಸಿಲು, ಧೂಳು, ಬೆವರು ಎಲ್ಲ ಸೇರಿಸುತ್ತಿದ್ದ. ಬ್ಯಾಟಿನ ಸದ್ದು ಮಾಮನ ಪೆನ್ಸಿಲು. ಇದು ಊರಿಗೆಲ್ಲ ಗೊತ್ತಿತ್ತು. ಆದರೆ ಆಟ ಶುರುವಾದ ಮೇಲೆ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

"ಸತ್ತೋಯ್ತು ಅಂದ್ರೆ?"

"ಒಂದಕ್ಷರ ಬರ್ತಿಲ್ಲ. ವೆಂಡೆಲ್ ಏನ್ಮಾಡ್ತಾನೆ? ಚೆಂಡೆಸೆಯೋನ ಕೈಲಿ ಬೂಟಿನ ದಾರ ಕಟ್ಟಿಸ್ದ. ಟೋಪಿ ಸರಿ ಮಾಡಿಸ್ದ. ಆಕಾಶ ನೋಡಿಸ್ದ. ಇನ್ನೇನು ಮಾಡಿಸ್ತೀಯ, ಊಟ ಮಾಡಿಸ್ತೀಯಾ? ಎರಡು ನಿಮಿಷ ಆಯ್ತು. ನನ್ನ ಕಡೆ ನೋಡ್ದ, ಮುಖದ ತುಂಬ ಬೆವರು. ನಂಗೇನು ತೋಚ್ತೋ..."

ಮಾಮ ಕತ್ತು ಮೇಲೆತ್ತಿ ಬೊಗಳಿದರು. ಎರಡು ಗಿಡ್ಡ, ಒಂದು ಉದ್ದ, ಕೊನೆಯಲ್ಲೊಂದು ಕುಂಯ್.

"ಆ ನಾಯಿ ನಾನೇ ಕಣಮ್ಮ."

ನಾನು ಮೊದಲು ಮಾಡಿದ ಕೆಲಸವೆಂದರೆ ಕಿಟಕಿ ಮುಚ್ಚಿದ್ದು.

"ಐವತ್ತು ವರ್ಷ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು? 'ವೆನ್ಸಿಲ್, ನೀನು ನಾಯಿನಾ' ಅಂತ ಬೀದಿಲಿ ಯಾರಾದ್ರೂ ಕೇಳ್ತಾರಾ?" ಪೆನ್ಸಿಲನ್ನು ಡಬ್ಬಿಯೊಳಗಿಟ್ಟು ಮುಚ್ಚಿದರು. "ನಂಗೆ ಅರ್ಥ ಆಗದೇ ಇರೋದು ಒಂದೇ. ಇಲ್ದೇ ಇರೋ ನಾಯೀನ ಆ ಎಮಿಲ್ ಹೆಂಗೆ ಹಿಡಿದ?"

ಮರುದಿನ ಅದನ್ನು ಕೇಳಲೆಂದೇ ಎಮಿಲ್ ಅವರ ಮನೆಗೆ ಹೋದೆ. ಎಪ್ಪತ್ತೆರಡರ ಒಂಟಿ ಮನುಷ್ಯ. ಗಸಗಸೆ ಹೂರಣದ ಕೊಲಾಚಿ ಬನ್ನುಗಳನ್ನು ಒಲೆಯಿಂದ ತೆಗೆಯುತ್ತಿದ್ದರು. ಪಕ್ಕದ ಮನೆಯ ನಾಯಿ ಬೇಲಿಯ ಹತ್ತಿರ ಬಂದಾಗ ಬಾಗಿಲು ಹಾಕಿಬಿಟ್ಟರು.

"ನಾಯಿ ಅಂದ್ರೆ ಭಯಾನಾ?" ಎಂದೆ.

"ಒಂದು ಸಲ ಕಚ್ಚಿಸ್ಕೊಂಡೋರಿಗೆ ಇರಲ್ವಾ?" ಬಲಗೈ ಹೆಬ್ಬೆರಳು ತೋರಿಸಿದರು. "ನೋಡು ಗಾಯದ ಗುರುತು."

"ಹೋದ್ವರ್ಷ ಎಡಗೈ ತೋರ್ಸಿದ್ರಿ."

"ಎರಡೂ ಕೈಲಿ ಹಿಡಿದಿದ್ನಲ್ಲಮ್ಮ."

ನಾನು ಪತ್ರಿಕೆಯ ನಕಲನ್ನು ತಟ್ಟೆಯ ಪಕ್ಕ ಇಟ್ಟೆ. ಇಟ್ಟ ಕೂಡಲೇ ವಾಪಸು ತೆಗೆದುಕೊಳ್ಳಬೇಕೆನ್ನಿಸಿತು. ಅವರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು.

"ಟೋಪಿ ಹಾರಿದ್ದು ನಿಜ," ಎಂದರು. "ಅದರ ಹಿಂದೆ ಓಡಿದ್ದೂ ನಾನೇ. ಸಿಗ್ಲಿಲ್ಲ."

ಸ್ವಲ್ಪ ಹೊತ್ತು ಇಬ್ಬರೂ ಕೊಲಾಚಿ ತಿಂದೆವು.

"ರೈಲಿಳಿದ್ರೆ ಪ್ಲಾಟ್‌ಫಾರ್ಮ್ ತುಂಬ ಜನ, ಮಿಲಾ. ನನ್ನ ಹೆಸರು ಕೂಗ್ತಿದ್ದಾರೆ. ಅದುವರೆಗೂ ನನ್ನ ಕೂಗ್ತಿದ್ದ ಹೆಸರುಗಳು ಬೇರೆ, ನಿನ್ನ ಮುಂದೆ ಹೇಳೋ ಹಂಗಿಲ್ಲ. ಒಬ್ಳು ಪುಟ್ಟ ಹುಡುಗಿ ಅಳ್ತಾ ಬಂದು 'ನಾಯಿಗೆ ನೋವಾಯ್ತಾ' ಅಂದ್ಲು. ಯಾವ ನಾಯಿ ಅಂತಾನೇ ನಂಗೆ ಗೊತ್ತಿಲ್ಲ. 'ಇಲ್ಲ ಪುಟ್ಟಿ, ನನ್ನ ಬ್ರೆಡ್ಡು ಕೊಟ್ಟು ಕಳಿಸ್ದೆ' ಅಂದೆ. ನಾನು ಹೇಳಿದ್ದು ಅಷ್ಟೇ. ಮಿಕ್ಕಿದ್ದೆಲ್ಲ ಊರೇ ಹೇಳ್ತು, ನಾನು ತಲೆ ಆಡಿಸ್ದೆ."

"ಜೊತೆಗೆ ಆಡಿದೋರು ಸುಮ್ನಿದ್ರಾ?"

"ಹದಿಮೂರು ಆಟ ಸೋತು ಬಂದೋರು. ಯಾರೋ ಕೈ ಕುಲುಕ್ತಿದ್ರೆ ಬೇಡ ಅಂತಾರಾ?"

ಬಾಗಿಲ ತನಕ ನನ್ನ ಜೊತೆ ಬಂದರು. "ನಾನು ಈ ತಂಡಕ್ಕೆ ಆಡಿದ್ದು ಹದಿನೇಳು ಆಟ, ಹೊಡೆದದ್ದು ಆರು ಹೊಡೆತ. ನಾಯಿ ತೆಗೆದ್ರೆ ನಾನು ನಿನ್ನ ಪುಸ್ತಕದಲ್ಲಿ ಎಲ್ಲಿರ್ತೀನಿ?"

"ಕೊನೇ ಪಟ್ಟಿಲಿ. ಇನ್ನೂರ ಹನ್ನೆರಡನೇ ಪುಟ."

"ಅಕ್ಷರ ಎಷ್ಟು ದೊಡ್ಡದು?"

ನಾನು ಎರಡು ಬೆರಳ ನಡುವೆ ತೋರಿಸಿದೆ. ಹೆಚ್ಚೇ ತೋರಿಸಿದೆ.

"ಈ ಕನ್ನಡಕ ಸಾಲ್ದು ಅನ್ನು," ಎಂದು ನಕ್ಕರು. "ನಿಂಗೆ ಸರಿ ಕಂಡದ್ದು ಬರಿ ಮಗಳೇ. ಶನಿವಾರ ಒಂದು ಕಳೀಲಿ, ಅಷ್ಟೇ."

ನಾಯಿ ವೆಂಡೆಲನ ತಲೆಯಿಂದ ಹುಟ್ಟಿದ್ದೆಂದು ಅವರು ತಿಳಿದಿದ್ದರು. ನಾನು ತಿದ್ದಲಿಲ್ಲ.

ಎರಡು ರಾತ್ರಿ ಆ ಅಧ್ಯಾಯವನ್ನು ಎರಡು ರೀತಿ ಬರೆದೆ. ನಾಯಿ ಇಲ್ಲದ ಅಧ್ಯಾಯ ನಿಜವಾಗಿತ್ತು, ಒಂದು ಪುಟ ಕಡಿಮೆಯೂ ಆಗಿತ್ತು. ಅದರಲ್ಲಿ ಎಮಿಲ್ ಹ್ರುಸ್ಕಾ ಎಂಬ ಹೆಸರು ಒಂದು ಸಲವೂ ಬರಲಿಲ್ಲ. ನಾಯಿ ಇರುವ ಅಧ್ಯಾಯದಲ್ಲಿ ಒಂಬತ್ತು ಸಲ ಬಂದಿತ್ತು. ಡನ್‌ಮೋರ್‌ನ ಗ್ರಂಥಪಾಲಕಿಗೆ ನಾನು ಆ ನಕಲು ತರಿಸಿಕೊಂಡದ್ದು ಗೊತ್ತಿದೆ ಎಂಬುದು ಬೆಳಗಿನ ಜಾವ ಮೂರಕ್ಕೆ ಹೊಳೆಯಿತು. ಮತ್ತೆ ನಿದ್ದೆ ಬರಲಿಲ್ಲ.

ಶನಿವಾರ ಜನ ಸೇರಿದರು, ಜನರ ನಾಯಿಗಳೂ ಸೇರಿದವು. ಹೊರಗೆ ಹೋಗುವಾಗ ಮಾತ್ರ ಮಾಮ ಬಳಸುವ ಗಾಲಿಕುರ್ಚಿಯನ್ನು ನೆರಳು ನೋಡಿ ಪಾಪ್‌ಕಾರ್ನ್ ಅಂಗಡಿಯ ಪಕ್ಕ ನಿಲ್ಲಿಸಿದ್ದೆ. ಎಮಿಲ್ ಬಟ್ಟೆ ಸರಿಸಿದರು. ಬಿಳಿ ಬಣ್ಣ ಬಳಿದ ಕಿವಿಯ ಕಂಚಿನ ನಾಯಿ, ಬಾಯಲ್ಲಿ ಚೆಂಡು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಗ್ಯಾರೆಟ್, ಮಕ್ಕಳು ಏನಾದರೂ ಕೇಳಬಹುದು ಎಂದುಬಿಟ್ಟ.

ಮುಂದಿನ ಹಲ್ಲು ಬಿದ್ದಿದ್ದ ಹುಡುಗಿಯೊಬ್ಬಳು ಕೈಯೆತ್ತಿದಳು. "ತಾತ, ಅದು ಹೆಂಗೆ ಬೊಗಳ್ತಿತ್ತು?"

ಎಮಿಲ್ ಮೈಕನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಐವತ್ತು ವರ್ಷದಲ್ಲಿ ಇದನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ, ಆ ಬೊಗಳು ಊರಿನ ಕಿವಿಯಲ್ಲೇ ಇತ್ತು. ಅದನ್ನು ಕೇಳಿಸಿಕೊಳ್ಳದೇ ಉಳಿದವರು, ಆ ಹೊತ್ತು ಡನ್‌ಮೋರ್‌ನಲ್ಲಿದ್ದ ಆಟಗಾರರು ಮಾತ್ರ. ಎಮಿಲ್ ನನ್ನ ಕಡೆ ನೋಡಿದರು. ನಾನು ನನ್ನ ಚೀಲದ ಕಡೆ ನೋಡಿದೆ. ಮೈಕು ಗುಂಯ್ ಎನ್ನುತ್ತಿತ್ತು.

ಪಾಪ್‌ಕಾರ್ನ್ ಅಂಗಡಿಯ ಕಡೆಯಿಂದ ಬಂತು. ಎರಡು ಗಿಡ್ಡ, ಒಂದು ಉದ್ದ, ಕೊನೆಯಲ್ಲೊಂದು ಕುಂಯ್.

ನಿಜವಾದ ನಾಯಿಗಳೆಲ್ಲ ಕಿವಿ ನಿಮಿರಿಸಿದವು. ಮುಂದಿನ ಸಾಲಿನಲ್ಲಿದ್ದ ಎಂಬತ್ತೆರಡರ ಜೋಹಾನ್ನಾ ಮುಸಿಲ್ ಊರುಗೋಲು ಹಿಡಿದು ಎದ್ದು ನಿಂತರು. "ಅದೇ! ಅದೇ ನಾಯಿ! ನಮ್ಮನೆ ಅಡುಗೆಮನೇಲಿ ಕೇಳಿದ್ದೆ. ಕೈಲಿದ್ದ ಪಾತ್ರೆ ಬೀಳಿಸ್ಕೊಂಡಿದ್ದೆ!" ಆಮೇಲೆ ಚಪ್ಪಾಳೆ, ನಗು, ನಾಯಿಗಳ ಗಲಾಟೆ. ಮುದುಕರೊಬ್ಬರು ಎಷ್ಟು ಚೆನ್ನಾಗಿ ಅಣಕ ಮಾಡಿದರೆಂದು ಊರು ಸಂತೋಷಪಟ್ಟಿತು. ಪೆನ್ಸಿಲು ಬ್ಯಾಟೆಂದು ಗೊತ್ತಿದ್ದ ಊರಿಗೆ ಅದರಿಂದ ಒಂದೇ ಹೆಜ್ಜೆ ಮುಂದೆ ಹೋಗಬಹುದೆಂದು ಹೊಳೆಯಲಿಲ್ಲ.

ಎಮಿಲ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಟೋಪಿ ತೆಗೆದು, ಜನರ ನಡುವೆ ನಿಧಾನವಾಗಿ ನಡೆದು ಬಂದು, ಮಾಮನ ಕುರ್ಚಿಯ ಮುಂದೆ ನಿಂತರು. ಆಮೇಲೆ ಬಗ್ಗಿ, ಮಾಮನ ನೆತ್ತಿಯ ಮೇಲೆ ಕೈಯಿಟ್ಟರು.

"ಸಿಕ್ಕಿಬಿಟ್ಯಲ್ಲೋ, ಕೊನೆಗೂ," ಎಂದರು.

"ತುಂಬಾ ಓಡಿಸ್ದೆನೇನೋ?" ಎಂದರು ಮಾಮ.

"ಐವತ್ತು ವರ್ಷ."

ಗ್ಯಾರೆಟ್ ಓಡಿಬಂದ. "ಮೇಡಂ, ಏನ್ ಮಾತಾಡ್ಕೊಂಡ್ರು ಇಬ್ರೂ? ಪುಸ್ತಕಕ್ಕೆ ಹಾಕ್ಬೋದಲ್ಲ?"

ಆ ಮಾತು ಕೇಳಿಸುವಷ್ಟು ಹತ್ತಿರ ಇದ್ದವಳು ನಾನೊಬ್ಬಳೇ. "ಗಲಾಟೇಲಿ ಕೇಳಿಸ್ಲಿಲ್ಲ," ಎಂದೆ. ಸುಳ್ಳು ಇಷ್ಟು ಸಲೀಸಾಗಿ ಬಂದದ್ದೇ ನನಗೆ ಸೋಜಿಗವಾಯಿತು.

ಸೋಮವಾರ, ಎಮಿಲ್ ಹೆಸರು ಒಂಬತ್ತು ಸಲ ಬರುವ ಅಧ್ಯಾಯವನ್ನೇ ಅಚ್ಚಿಗೆ ಕೊಟ್ಟೆ. ಗ್ಯಾರೆಟ್ ಹಾಳೆ ತಿರುವಿ ಹುಬ್ಬೇರಿಸಿದ. "ಏನ್ ಮೇಡಂ, ನಾಯಿಗೆ ಅಡಿಟಿಪ್ಪಣಿನೇ ಇಲ್ಲ? ಹುಷಾರಾಗಿದ್ದೀರಿ ತಾನೇ?"

"ಊರಿಗೇ ಗೊತ್ತಿರೋದಕ್ಕೆ ಯಾಕೆ?" ಎಂದೆ.

ಮನೆಗೆ ಬಂದು ಡನ್‌ಮೋರ್ ಪತ್ರಿಕೆಯ ನಕಲನ್ನು ನಾಲ್ಕಾಗಿ ಮಡಿಚಿ, ಮಾಮನ ಸಿಗಾರಿನ ಡಬ್ಬಿಯಲ್ಲಿ ಪೆನ್ಸಿಲಿನ ಕೆಳಗಿಟ್ಟೆ. ಅಲ್ಲಿನ ಗ್ರಂಥಪಾಲಕಿ ಎಂದಾದರೂ ಫೋನು ಮಾಡಿ ಯಾಕೆ ಬೇಕಾಗಿತ್ತು ಎಂದು ಕೇಳಿದರೆ, ಆ ಟೋಪಿ ಯಾರದೆಂದು ತಿಳಿಯಬೇಕಿತ್ತು ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಯಾರಿಗೂ ಹೇಳುವುದಿಲ್ಲ.